ಲಾಭ ಎಂದರೆ ಸೊನ್ನೆ

"ನಿಮ್ಮ ಹತ್ರ ಒಂದು ಮಾತು ಹೇಳ್ಬೇಕಿತ್ತು" ಎಂದು ಯಾರಾದರೂ ಶುರು ಮಾಡಿದರೆ ಸಾಕು, ನನಗೆ ಗಾಬರಿ ಶುರುವಾಗುತ್ತದೆ. ಆ ಮಾತು ನಾಳೆ ಮಳೆ ಬರಬಹುದು ಎಂಬುದಿರಬಹುದು, ನಿಮ್ಮ ಅಂಗಿಯ ಗುಂಡಿ ಕಿತ್ತುಹೋಗಿದೆ ಎಂಬುದಿರಬಹುದು. ಅದು ಅವರ ಬಾಯಿಂದ ಹೊರಬೀಳುವಷ್ಟರಲ್ಲಿ ನಾನು ಹಿಂದಿನ ಹತ್ತು ವರ್ಷಗಳಲ್ಲಿ ಮಾಡಿರಬಹುದಾದ ತಪ್ಪುಗಳನ್ನೆಲ್ಲ ನೆನೆದು, ಒಂದೊಂದಕ್ಕೂ ಒಂದೊಂದು ಸಮಜಾಯಿಷಿ ಸಿದ್ಧ ಮಾಡಿಕೊಂಡು ಬೆವೆತಿರುತ್ತೇನೆ. ನನ್ನ ಹೆಂಡತಿಗೆ ಇದು ಗೊತ್ತು. "ಬರ್ತಾ ಸೊಪ್ಪು ತನ್ನಿ" ಎಂದು ಹೇಳುವುದಿದ್ದರೂ "ಗಾಬರಿ ಏನಿಲ್ಲ" ಎಂದು ಮೊದಲು ಹೇಳಿ ಆಮೇಲೆ ಸೊಪ್ಪಿನ ವಿಷಯಕ್ಕೆ ಬರುತ್ತಾಳೆ.

ಇಂಥ ಮನುಷ್ಯ ಪುಸ್ತಕ ಬರೆಯಬಾರದು. ಬರೆದರೂ ಅದರ ಕೊನೆಗೆ "ತಪ್ಪಿದ್ದರೆ ತಿಳಿಸಿ" ಎಂದು ಖಾಲಿ ಹಾಳೆ ಸೇರಿಸಲಂತೂ ಬಾರದು. ನಾನು ಎರಡನ್ನೂ ಮಾಡಿದೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ತಿಪಟೂರಿನ ಹೊರಗಿದ್ದ ನಮ್ಮ ಕಚೇರಿಯ ಕೆಲಸ ತೆಂಗಿನ ಸಸಿ ಬೆಳೆಸಿ ರೈತರಿಗೆ ಕೊಡುವುದು. ಸಸಿಗೆ ಬೀಜದ ಕಾಯಿ ಬೇಕು, ಬೀಜದ ಕಾಯಿಗೆ ಒಳ್ಳೆಯ ತಾಯಿಮರ ಬೇಕು. ಒಂದು ತಿಂಗಳು ಎರಡು ಹೊಂಬಾಳೆ, ಅಂದರೆ ಹೂಗೊಂಚಲು, ಬಿಟ್ಟು ಮೆರೆದು ಮುಂದಿನ ತಿಂಗಳು ಕೈಕೊಡುವ ಮರ ನಮಗೆ ಬೇಡ. ತಿಂಗಳಿಗೊಂದರಂತೆ ವರ್ಷವಿಡೀ ತಪ್ಪದೆ ಬಿಡುವ ಮರ ಬೇಕು. ಇದನ್ನು ನೋಡಿಕೊಳ್ಳಲು ಹೋಬಳಿಗೊಬ್ಬರು ಎಣಿಕೆಯವರಿದ್ದರು. ಅವರು ತಿಂಗಳಿಗೊಮ್ಮೆ ತೋಟಗಳಿಗೆ ಹೋಗಿ, ನಂಬರು ಹಾಕಿದ ಮರದ ಕೆಳಗೆ ನಿಂತು, ಕತ್ತೆತ್ತಿ ನೋಡಿ, ಹೊಸ ಹೊಂಬಾಳೆ ಎಷ್ಟು ಎಂದು ನಮೂನೆಯಲ್ಲಿ ಬರೆದು ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದರು.

ಆ ವರ್ಷ ಕಚೇರಿಗೆ ಕಂಪ್ಯೂಟರ್ ಬಂತು. ಅದಕ್ಕೊಂದು ಕೋಣೆ, ಫ್ಯಾನು, ಹೂವಿನ ಚಿತ್ರದ ಬಟ್ಟೆಯ ಮುಸುಕು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಅದನ್ನು ಕಲಿತು ಬಾ ಎಂದು ಬೆಂಗಳೂರಿಗೆ ಹದಿನೈದು ದಿನದ ತರಬೇತಿಗೆ ನನ್ನನ್ನೇ ಕಳಿಸಿದರು. ನನ್ನ ಬುದ್ಧಿವಂತಿಕೆ ಮೆಚ್ಚಿ ಕಳಿಸಿದರೆಂದು ನಾನು ಬಹಳ ದಿನ ನಂಬಿದ್ದೆ. ಬೇಡ ಎನ್ನುವ ಧೈರ್ಯವಿಲ್ಲದವನು ಆ ಕಚೇರಿಯಲ್ಲಿ ನಾನೊಬ್ಬನೇ ಎಂಬುದು ಆಮೇಲೆ ತಿಳಿಯಿತು.

ಅಲ್ಲಿ ಕಲಿತದ್ದು ಸ್ಪ್ರೆಡ್‌ಶೀಟ್ ಎಂಬ ಚೌಕಳಿ ಹಾಳೆ. ಪರದೆಯ ಮೇಲೆ ಹಸಿರು ಅಕ್ಷರ, ಅಡ್ಡ ಸಾಲು, ಉದ್ದ ಸಾಲು. ಅದಕ್ಕೆ ಕೆಲವು ಫಂಕ್ಷನ್‌ಗಳು. ಒಂದು ಸಾಲನ್ನು ತೋರಿಸಿ "ಸಮ್" ಎಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕೂಡಿಬಿಡುತ್ತದೆ. ಸರಾಸರಿಗೊಂದು, ಎಣಿಕೆಗೊಂದು, ಹೀಗಿದ್ದರೆ ಹಾಗೆ ಮಾಡು ಎನ್ನುವುದಕ್ಕೊಂದು. ಇವುಗಳ ಕೈಪಿಡಿ ಇಂಗ್ಲಿಷಿನಲ್ಲಿ ದಿಂಬಿನಷ್ಟು ದಪ್ಪಕ್ಕಿತ್ತು. ನಮ್ಮ ಸಾಹೇಬರು ಅದನ್ನು ಕೈಯಲ್ಲಿ ತೂಗಿ ನೋಡಿ, "ಇದನ್ನ ಕನ್ನಡದಲ್ಲಿ ಇಪ್ಪತ್ತು ಪುಟಕ್ಕೆ ಇಳಿಸ್ರೀ. ಟೈಪಿಸ್ಟಿಗೂ ಬೇಕು, ಎಣಿಕೆಯವರಿಗೂ ಬೇಕು" ಎಂದರು.

ನಾನು ಫಂಕ್ಷನ್ ಎನ್ನುವುದಕ್ಕೆ "ಸೂತ್ರ" ಎಂದಿಟ್ಟೆ. ಹಾಗೆ ಇಡುವಾಗ ನನಗೆ ಒಂದು ಬಗೆಯ ಜಂಬವೂ ಬಂದಿತ್ತು. ನಮ್ಮ ಹಿಂದಿನ ವ್ಯಾಕರಣದವರೂ ಸೂತ್ರ ಬರೆದವರೇ ಅಲ್ಲವೆ? ಒಂದು ಅಕ್ಷರ ಉಳಿಸಿದರೆ ಮಗ ಹುಟ್ಟಿದಷ್ಟು ಸಂತೋಷಪಡುತ್ತಿದ್ದರಂತೆ. ಆದರೆ ಅವರು ಹಾಗೆ ಉಳಿಸಿದ್ದರಿಂದಲೇ ಸೂತ್ರಕ್ಕೆ ವೃತ್ತಿಯೆಂಬ ವಿವರಣೆ, ವೃತ್ತಿಗೆ ಭಾಷ್ಯ, ಭಾಷ್ಯಕ್ಕೆ ಟಿಪ್ಪಣಿ, ಟಿಪ್ಪಣಿಯವನ ಮೇಲೆ ಇನ್ನೊಬ್ಬನ ಆಕ್ಷೇಪ ಎಂದು ನೂರಾರು ವರ್ಷ ಜನ ಒಬ್ಬರನ್ನೊಬ್ಬರು ತಿದ್ದುತ್ತ ಕೂರಬೇಕಾಯಿತು. ಸೂತ್ರಕಾರನ ಪುಣ್ಯ, ಅಷ್ಟರಲ್ಲಿ ಅವನು ತೀರಿಕೊಂಡಿರುತ್ತಿದ್ದ. ನಾನು ಬದುಕಿದ್ದೆ, ಅದೂ ಓದುವವರಿಂದ ಒಂದೇ ಬಸ್ಸಿನ ದೂರದಲ್ಲಿ.

ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿ ತೆಗೆದು, ದಾರ ಹಾಕಿ ಹೊಲಿದು, ಕೊನೆಗೆ "ಓದಿದವರ ಮಾತು" ಎಂಬ ಖಾಲಿ ಹಾಳೆ ಸೇರಿಸಿ ಎಲ್ಲರಿಗೂ ಕಳಿಸಿದೆ. ಆ ಹಾಳೆ ಸಾಹೇಬರ ಅಪ್ಪಣೆ. ಯಾರೂ ಏನೂ ಬರೆಯಲಾರರು ಎಂದು ನಾನು ಧೈರ್ಯದಿಂದಿದ್ದೆ. ಎರಡೇ ವಾರಕ್ಕೆ ಒಂದು ಕಟ್ಟು ಬಂತು.

ಶೆಟ್ಟಿಕೆರೆಯ ಎಣಿಕೆಯವರು ಬರೆದಿದ್ದರು: "ಪುಟ ಮೂರರಲ್ಲಿ 'ವ್ಯಾಪ್ತಿಯನ್ನು ನಿರ್ದೇಶಿಸಿ' ಅಂದಿದ್ದೀರಿ. ಎಲ್ಲಿಂದ ಎಲ್ಲಿವರೆಗೆ ಅಂತ ಹೇಳಿ ಎಂದು ಬರೆದರೆ ತಪ್ಪೇ?" ತಪ್ಪಿರಲಿಲ್ಲ. ಅದೇ ನನಗೆ ಚುಚ್ಚಿದ್ದು. ಎರಡನೆಯದು ಮಾಯಸಂದ್ರದ್ದು. ಫಂಕ್ಷನ್‌ಗೆ ನಾವು ಕೊಡುವ ಅಂಕಿಗಳನ್ನು ಇಂಗ್ಲಿಷಿನಲ್ಲಿ ಆರ್ಗ್ಯುಮೆಂಟ್ ಎನ್ನುತ್ತಾರೆ. ನಾನು ನಿಘಂಟು ನೋಡಿ "ಒಂದು ಸೂತ್ರದಲ್ಲಿ ಹಲವು ವಾದಗಳಿರಬಹುದು" ಎಂದು ಬರೆದಿದ್ದೆ. ಅದರ ಪಕ್ಕಕ್ಕೆ ಅವರು, "ನಮ್ಮ ಮನೆಯಲ್ಲೂ" ಎಂದಷ್ಟೇ ಬರೆದಿದ್ದರು. ಮೂರನೆಯದರಲ್ಲಿ, "ಇದನ್ನು ಓದಿದ ಮೇಲೆ ಮೊದಲು ತಿಳಿದಿದ್ದೂ ಮರೆತುಹೋಯಿತು" ಎಂದಿತ್ತು. ನಾಲ್ಕನೆಯದನ್ನು ನಾನು ಬಿಚ್ಚಲೇ ಇಲ್ಲ. ಕಟ್ಟನ್ನು ಮೇಜಿನ ಕೆಳಗಿನ ಡ್ರಾಯರಿಗೆ ತಳ್ಳಿ ಬೀಗ ಹಾಕಿದೆ. ಆಮೇಲೆ ತಿಂಗಳುಗಟ್ಟಲೆ ಆ ಡ್ರಾಯರಿಗೆ ಮೊಳಕಾಲು ತಗಲಿದರೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಬಿಚ್ಚಿ ಓದಿದ್ದರೆ ಇಷ್ಟು ಹೊಡೆದುಕೊಳ್ಳುತ್ತಿರಲಿಲ್ಲವೇನೋ.

ವರ್ಷ ತುಂಬಿತು. ನಮ್ಮ ಟೈಪಿಸ್ಟ್ ಸರೋಜಮ್ಮ ಎಲ್ಲ ನಮೂನೆಗಳನ್ನೂ ಕಂಪ್ಯೂಟರಿಗೆ ತುಂಬಿದರು. ಅವರು ಮೈಸೂರಿನ ಪೇಟೆಯಲ್ಲಿ ಬೆಳೆದವರು, ಬಹಳ ಅಚ್ಚುಕಟ್ಟು. ನಾನು ಮುಂದೆ ನಿಂತು "ಸಮ್" ಒತ್ತಿದೆ. ಮರಗಳ ಪಟ್ಟಿ, ಪಕ್ಕದಲ್ಲಿ ವರ್ಷದ ಮೊತ್ತ, ಟಕಟಕ ಅಚ್ಚಾಗಿ ಹೊರಬಂತು. ಹತ್ತಕ್ಕಿಂತ ಕಡಿಮೆ ಹೊಂಬಾಳೆಯ ಮರಗಳು ಪಟ್ಟಿಯಿಂದ ಹೊರಗೆ.

ದಬ್ಬೇಘಟ್ಟದ ಮರ ಒಂದೂ ಉಳಿದಿರಲಿಲ್ಲ. ಸಾಹೇಬರು ಕನ್ನಡಕ ಏರಿಸಿ, "ಏನ್ರೀ ಇದು, ಇಡೀ ಹೋಬಳಿ?" ಎಂದರು. ನನಗೆ ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಗಾಬರಿಯಾದಾಗ ನನಗೆ ವಿದ್ವತ್ತು ಉಕ್ಕುತ್ತದೆ. "ಅಲ್ಲಿ ನಾಲೆ ನೀರು ಸಾರ್. ಬೇರು ಸದಾ ತಂಪಾಗಿದ್ರೆ ಮರಕ್ಕೆ ಸೋಮಾರಿತನ" ಎಂದುಬಿಟ್ಟೆ. ಅವರು ತಲೆದೂಗಿದರು. ಅವರು ತಲೆದೂಗಿದ್ದು ನೋಡಿ ನನಗೂ ಅದು ನಿಜವೆನ್ನಿಸಿತು. ನಿಮ್ಮ ಮರ ತಾಯಿಮರವಾಗಲು ಯೋಗ್ಯವಲ್ಲ ಎಂದು ಮನೆಮನೆಗೆ ಕಾಗದ ಹೋಯಿತು.

ಒಂದು ಶನಿವಾರ ಬೆಳಿಗ್ಗೆ ಕಚೇರಿಯ ಬಾಗಿಲಿಗೆ ದಬ್ಬೇಘಟ್ಟದ ಗೌರಮ್ಮ ಬಂದು ನಿಂತರು. ಅರವತ್ತು ದಾಟಿದ ಹೆಂಗಸು. ಒಂದು ಕೈಯಲ್ಲಿ ನಮ್ಮ ಕಾಗದ, ಇನ್ನೊಂದು ಕೈಯಲ್ಲಿ ಹಗ್ಗ ಬಿಗಿದ ದೊಡ್ಡ ಹೊರೆ.

"ಇದನ್ನ ಬರ್ದೋರು ಯಾರಪ್ಪ?" ಎಂದರು.

ನಾನು ಶಾಲೆಯ ಹುಡುಗನ ಹಾಗೆ ಕೈ ಎತ್ತಿದೆ.

"ನಿಮ್ಹತ್ರ ಒಂದು ಮಾತು ಹೇಳ್ಬೇಕಿತ್ತು" ಎಂದರು. ನಾನು ಹತ್ತು ವರ್ಷದ ತಪ್ಪುಗಳನ್ನು ನೆನೆಯತೊಡಗಿದೆ.

ಅವರ ಮಾತು ಸರಳವಾಗಿತ್ತು. ಅವರ ಮೈದುನ ಶಿವಣ್ಣನಿಗೆ ತೋಟದಲ್ಲಿ ಪಂಪ್ ಮನೆ ಕಟ್ಟಬೇಕು. ಕಾಗದದಲ್ಲಿ ಬರೆದ ಗೌರಮ್ಮನ ಮರ ಆ ಜಾಗದಲ್ಲಿದೆ. ಸರ್ಕಾರದೋರು ತಾಯಿಮರ ಅಂದ್ರೆ ಬಿಡ್ತೀನಿ, ಇಲ್ದಿದ್ರೆ ಕಡಿಸ್ತೀನಿ ಎಂದು ಅವನು ಮೊದಲೇ ಹೇಳಿದ್ದ. ಈಗ ಕಾಗದ ಬಂದಿದೆ. ಸೋಮವಾರ ಕಡಿಯುವವರು ಬರುತ್ತಾರೆ.

"ಅಟ್ಟದ ಮೇಲೆ ಕೊಬ್ರಿಗೆ ಅಂತ ಹಾಕಿದ್ ಕಾಯಿ ಕಣಪ್ಪ ಅದು. ಅಷ್ಟು ಕಾಯಿನಾಗೆ ಅದೊಂದು ಅಲ್ಲೇ ಮೊಳೆತಿತ್ತು. ಹೊಗೆನಾಗೆ, ಬಿಸಿನಾಗೆ. ಕೆಟ್ಟೋಯ್ತು ಎಸೀರಿ ಅಂದ್ರು. ನಾನು ತಕ್ಕೊಂಡೋಗಿ ನೆಟ್ಟೆ. ಒಂದು ತಿಂಗ್ಳು ತಪ್ಪಿಸಿಲ್ಲ ಅದು. ನೀವು ಸೊನ್ನೆ ಅಂತ ಬರ್ದಿದ್ದೀರಿ."

ನಿಜವಾಗಿಯೂ ಕಾಗದದಲ್ಲಿ ಸೊನ್ನೆ ಎಂದೇ ಇತ್ತು. ನಾನು ನಾಲೆ ನೀರಿನ ವಿಷಯ ತೆಗೆಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಹೊರೆ ಬಿಚ್ಚಿದರು. ಹೊಂಬಾಳೆ ಒಡೆದ ಮೇಲೆ ಉಳಿಯುತ್ತದಲ್ಲ, ದೋಣಿಯಂಥ ಒಣ ಸಿಪ್ಪೆ, ಒಲೆಗೆ ಹಾಕುತ್ತಾರಲ್ಲ, ಅವು. ಆ ಮರದ್ದನ್ನೆಲ್ಲ ಬೇರೆಯಾಗಿ ಎತ್ತಿಟ್ಟಿದ್ದರಂತೆ. ಕಂಪ್ಯೂಟರ್ ಕೋಣೆಯ ಹೊಸ್ತಿಲಿನಿಂದ ಸಾಹೇಬರ ಬಾಗಿಲಿನ ತನಕ ಸಾಲಾಗಿ ಜೋಡಿಸಿ, "ಎಣಿಸಪ್ಪ" ಎಂದರು.

ನಾನು ಬಗ್ಗಿ ಮೊದಲನೆಯದನ್ನು ಮುಟ್ಟಿ "ಒಂದು" ಎಂದೆ.

"ಅಯ್ಯೋ, ಒಂದು ಅನ್ಬೇಡ. ಲಾಭ ಅನ್ನು."

ಒಳಗೆ ಸರೋಜಮ್ಮನ ಟಕಟಕ ನಿಂತಿತು. ಅವರು ಬಾಗಿಲಿಗೆ ಬಂದು, "ಸಾರ್, ಆ ಪದ ನಾನು ಟೈಪ್ ಮಾಡಿದ್ದೀನಿ. ಬೇಕಾದಷ್ಟು ಸಲ. ಅದೇನೋ ಇಲಾಖೆ ಪದ ಅಂದ್ಕೊಂಡೆ" ಎಂದರು.

ನಿಮಗೆ ಗೊತ್ತಿರಬಹುದು, ಕಣದಲ್ಲಿ ರಾಗಿ ಅಳೆಯುವವರು ಮೊದಲ ಬಳ್ಳಕ್ಕೆ ಒಂದು ಎನ್ನುವುದಿಲ್ಲ. ಒಂದು ಎಂದರೆ ಒಂಟಿ, ಅಲ್ಲಿಗೇ ನಿಂತೀತು ಎಂಬ ಅಳುಕು. ಲಾಭ ಎಂದು ಹೇಳಿ, ಆಮೇಲೆ ಎರಡು, ಮೂರು ಎಂದು ಮುಂದೆ ಹೋಗುತ್ತಾರೆ. ನನ್ನಂಥ ಅಂಜುಬುರುಕರೇ ಯಾರೋ ಇದನ್ನು ಕಂಡುಹಿಡಿದಿರಬೇಕು. ದಬ್ಬೇಘಟ್ಟದ ಎಣಿಕೆಯವರು ಮುದ್ದಯ್ಯ, ಕಣದಲ್ಲಿ ಅಳೆದು ಅಳೆದು ಹಣ್ಣಾದವರು. ತಿಂಗಳಿಗೊಂದು ಹೊಂಬಾಳೆ ಕಂಡಾಗಲೆಲ್ಲ ಅವರು ನಮೂನೆಯಲ್ಲಿ "ಲಾಭ" ಎಂದು ಬರೆದಿದ್ದರು. ಸರೋಜಮ್ಮ ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ತುಂಬಿದ್ದರು. ಯಂತ್ರಕ್ಕೆ ಅಂಕಿ ಮಾತ್ರ ಲೆಕ್ಕ. ಅಕ್ಷರ ಕಂಡರೆ ಸೊನ್ನೆ ಎಂದುಕೊಂಡು ಮುಂದೆ ಹೋಗುತ್ತದೆ, ಯಾರಿಗೂ ಹೇಳುವುದಿಲ್ಲ. ಹೀಗೆ ತಿಂಗಳು ತಪ್ಪದ ಮರಕ್ಕೆ ಹನ್ನೆರಡು ಲಾಭ ಸೇರಿ ಸೊನ್ನೆಯಾಗಿತ್ತು. ಮರ ಎಷ್ಟು ಒಳ್ಳೆಯದೋ ಅಷ್ಟು ಕಡಿಮೆ ಮೊತ್ತ.

ನಾನು ಕೈಪಿಡಿ ತೆಗೆದು ನೋಡಿದೆ. "ಸಮ್: ಸಾಲಿನಲ್ಲಿರುವುದನ್ನೆಲ್ಲ ಕೂಡುತ್ತದೆ." ನನ್ನದೇ ವಾಕ್ಯ. ಅದರ ಕೆಳಗೆ, "ನಮೂನೆಯಲ್ಲಿರುವುದನ್ನು ಇದ್ದ ಹಾಗೆಯೇ ತುಂಬಬೇಕು." ಅದೂ ನನ್ನದೇ. ಆಗ ನೆನಪಾಯಿತು ಡ್ರಾಯರ್. ಬೀಗ ತೆಗೆದು ಕಟ್ಟನ್ನು ಹೊರಗೆಳೆದೆ. ಬಿಚ್ಚದೆ ಇಟ್ಟಿದ್ದ ನಾಲ್ಕನೆಯ ಹಾಳೆ ಮುದ್ದಯ್ಯನದು. ದುಂಡನೆಯ ಅಕ್ಷರದಲ್ಲಿ: "ಪುಸ್ತಕ ಚೆನ್ನಾಗಿದೆ. ನಾನು ಒಂದಕ್ಕೆ ಲಾಭ ಅಂತ ಬರೀತೀನಿ. ಕಣದ ಅಭ್ಯಾಸ. ಮಿಶಿನ್ನಿಗೆ ಅದು ತಿಳೀತದಾ ಹೆಂಗೆ, ದಯಮಾಡಿ ತಿಳಿಸೋದು."

ಹತ್ತು ತಿಂಗಳ ಹಿಂದೆ ಕೇಳಿದ್ದ ಪ್ರಶ್ನೆ. ನನ್ನ ಪುಸ್ತಕವನ್ನು ಚೆನ್ನಾಗಿದೆ ಎಂದಿದ್ದ ಒಬ್ಬನೇ ಒಬ್ಬ ಮನುಷ್ಯ. ನನಗೆ ನಾಚಿಕೆಯಿಂದ ಅಳು ಬಂತು.

ಗಲಾಟೆ ಕೇಳಿ ಸಾಹೇಬರು ಹೊರಬಂದರು. ಸಿಪ್ಪೆಗಳನ್ನು ದಾಟಿಕೊಂಡು ಬಂದು, "ಯಾರ್ರೀ ಇದಕ್ಕೆ ಕಾರಣ?" ಎಂದರು. ಸುಳ್ಳು ಹೇಳಬಾರದು, ಆ ಕ್ಷಣ ನನ್ನ ಮನಸ್ಸು ಮುದ್ದಯ್ಯನ ಹತ್ತಿರ ಹೋಯಿತು. ಅಂಕಿ ಬರೆಯುವ ಕಡೆ ಅಕ್ಷರ ಬರೆದವರು ಯಾರು? ಆಮೇಲೆ ಸರೋಜಮ್ಮನ ಹತ್ತಿರ ಹೋಯಿತು. ಕೇಳದೆ ತುಂಬಿದವರು ಯಾರು? ಎರಡು ಸಮಜಾಯಿಷಿಗಳೂ ಬಾಯಿಪಾಠದಷ್ಟು ಸಿದ್ಧವಾಗಿದ್ದವು. ಆದರೆ ಗೌರಮ್ಮ ನನ್ನನ್ನೇ ನೋಡುತ್ತಿದ್ದರು, ನನ್ನ ಕೈಯಲ್ಲಿ ಆ ಹಾಳೆಯೂ ಇತ್ತು. "ನಾನು ಸಾರ್. ಪುಸ್ತಕದಲ್ಲಿ ತಪ್ಪು ಬರೆದೆ. ಮುದ್ದಯ್ಯ ಕೇಳಿದ್ರು, ನಾನು ಓದಲಿಲ್ಲ" ಎಂದೆ. ಭೂಮಿ ಬಾಯಿ ಬಿಡಲಿಲ್ಲ. ಸಾಹೇಬರು, "ಮತ್ತೆ ನಾಲೆ ನೀರು ಅಂದ್ರಲ್ರೀ?" ಎಂದು ಕೇಳಿದ್ದು ಮಾತ್ರ ಈವತ್ತಿಗೂ ಊಟದ ಮಧ್ಯೆ ನೆನಪಾಗುತ್ತದೆ.

ಮಧ್ಯಾಹ್ನದವರೆಗೆ ನಾನೂ ಸರೋಜಮ್ಮನೂ ಕೂತು ಲಾಭಗಳನ್ನೆಲ್ಲ ಒಂದಾಗಿಸಿದೆವು. ಗೌರಮ್ಮನ ಮರಕ್ಕೆ ಹನ್ನೆರಡು. ಸಾಹೇಬರ ಸಹಿ ಹಾಕಿಸಿಕೊಂಡು, ಕಾಗದ ಅಂಚೆಗೆ ಹಾಕಲು ಧೈರ್ಯ ಸಾಲದೆ, ನಾನೇ ಗೌರಮ್ಮನ ಜೊತೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ, ಮೈದುನ ಸೋಮವಾರದವರೆಗೆ ಕಾಯದೆ ಈವತ್ತೇ ಕಡಿಸಿಬಿಟ್ಟಿದ್ದರೆ ಎಂದು ಜೇಬಿನ ಕಾಗದವನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಗೌರಮ್ಮ ನಿರಾಳವಾಗಿ ನಿದ್ದೆ ಮಾಡಿದರು.

ಮರ ಇತ್ತು. ಶಿವಣ್ಣ ಕಾಗದವನ್ನು ಎರಡು ಸಲ ಓದಿದ. "ಅಲ್ಲ ಕಣ್ರೀ, ಆವತ್ತು ಸೊನ್ನೆ ಅಂದ್ರಿ, ಈವತ್ತು ಹನ್ನೆರಡು ಅಂತೀರಿ. ನಾಳಿಕ್ಕೆ ಏನಂತೀರೋ?" ನ್ಯಾಯವಾದ ಮಾತು. ಸಮಜಾಯಿಷಿಯ ಬದಲು ಮುದ್ದಯ್ಯನ ಹಾಳೆಯನ್ನೇ ತೆಗೆದು ಕೊಟ್ಟೆ. ಶಿವಣ್ಣ ಅದನ್ನು ಓದಿ, ನನ್ನ ಮುಖ ನೋಡಿ, ನಕ್ಕುಬಿಟ್ಟ. "ಬುಡಿ, ಪಂಪ್ ಮನೆ ನಾಲ್ಕು ಮಾರು ಆಚೆಗೆ ಕಟ್ತೀನಿ" ಎಂದ. ಅಷ್ಟರಲ್ಲಿ ಸುದ್ದಿ ಕೇಳಿ ಮುದ್ದಯ್ಯನೇ ಬಂದರು. ಇನ್ನು ಮೇಲೆ ಅಂಕಿ ಬರೆಯಿರಿ ಎಂದು ಕೇಳಿಕೊಂಡಾಗ ಅವರು, "ಆಗ್ಲಿ ಸ್ವಾಮಿ. ಬಾಯಲ್ಲಿ ಲಾಭ ಅಂತೀನಿ, ಕೈಯಲ್ಲಿ ಒಂದು ಬರೀತೀನಿ" ಎಂದರು.

ಕೈಪಿಡಿಯನ್ನು ಮತ್ತೆ ಬರೆದೆ. ವ್ಯಾಪ್ತಿ ಹೋಗಿ "ಎಲ್ಲಿಂದ ಎಲ್ಲಿವರೆಗೆ" ಬಂತು. ವಾದಗಳನ್ನೆಲ್ಲ ತೆಗೆದೆ. ಸಮ್ ಇದ್ದ ಕಡೆ "ಅಂಕಿಗಳನ್ನು ಮಾತ್ರ ಕೂಡುತ್ತದೆ, ಅಕ್ಷರ ಕಂಡರೆ ಸೊನ್ನೆ ಎಂದುಕೊಳ್ಳುತ್ತದೆ, ಆದರೆ ಹೇಳುವುದಿಲ್ಲ. ಉದಾಹರಣೆ: ದಬ್ಬೇಘಟ್ಟದ ಗೌರಮ್ಮನವರ ಮರ" ಎಂದು ಬರೆದೆ. ಕೊನೆಗೆ ಖಾಲಿ ಹಾಳೆ ಒಂದಿದ್ದದ್ದು ಎರಡಾಯಿತು.

ಹೊಸ ಕೈಪಿಡಿ ಹೋದ ವಾರದೊಳಗೆ ಮಾಯಸಂದ್ರದಿಂದ ಒಂದು ಲಕೋಟೆ ಬಂತು. ಬಿಚ್ಚುವ ಮೊದಲೇ ಮೂರು ಸಮಜಾಯಿಷಿ ಸಿದ್ಧವಾದವು, ಅದೇನೂ ಬದಲಾಗಿಲ್ಲ. ಡ್ರಾಯರಿನ ಕಡೆ ಒಮ್ಮೆ ನೋಡಿದೆ. ಆಮೇಲೆ ನಿಂತುಕೊಂಡೇ ಬಿಚ್ಚಿದೆ. "ಪುಟ ನಾಲ್ಕರಲ್ಲಿ ಮತ್ತೆ ತಪ್ಪಿದೆ" ಎಂದಿತ್ತು. ನೋಡಿದರೆ ತಪ್ಪೇ. ತಿದ್ದುಪಡಿಗಳನ್ನು ಬರೆದಿಡಲೆಂದು ಒಂದು ಹೊಸ ನೋಟುಪುಸ್ತಕ ತಂದಿದ್ದೆ. ಎಡಗಡೆ ಗೆರೆ ಎಳೆದು ಕ್ರಮಸಂಖ್ಯೆಗೆ ಜಾಗ ಬಿಟ್ಟಿದ್ದೆ. ಮೊದಲನೆಯ ಸಾಲಿನಲ್ಲಿ ಪುಟ ನಾಲ್ಕರ ತಪ್ಪನ್ನು ಬರೆದೆ. ಅದರ ಎಡಗಡೆ, ಒಂದು ಎಂದು ಹಾಕಬೇಕಾದ ಕಡೆ, ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು, "ಲಾಭ" ಎಂದು ಬರೆದೆ.