ಹಾರ ಹಾಕಿಸಿಕೊಂಡ ಮೇಲಿನ ಪಂದ್ಯ

ನನ್ನದು ನಿಂತಲ್ಲಿ ನಿಲ್ಲದ, ಕೂತಲ್ಲಿ ಕೂರದ ಸ್ವಭಾವ. ಅಮೆರಿಕದ ಹ್ಯೂಸ್ಟನ್ನಿನಲ್ಲಿ, ಎನರ್ಜಿ ಕಾರಿಡಾರ್ ಎಂಬ ಕಚೇರಿಗಳ ಸಾಲಿನಲ್ಲಿ ದಿನವಿಡೀ ಕಂಪ್ಯೂಟರಿನ ಮುಂದೆ ಕಾಲು ಕುಣಿಸುತ್ತ ಕೂರುತ್ತಿದ್ದ ಆ ದಿನಗಳಲ್ಲಿ, ಸಂಜೆಯ ಫುಟ್‌ಬಾಲ್ ಇಲ್ಲದಿದ್ದರೆ ನನಗೆ ಹುಚ್ಚೇ ಹಿಡಿಯುತ್ತಿತ್ತೇನೋ. ನಮ್ಮದು ಕನ್ನಡದವರ ತಂಡ. ಅರ್ಧ ಸಾಫ್ಟ್‌ವೇರಿನವರು, ಇನ್ನರ್ಧ ಎಂ.ಎಸ್. ಓದಲು ಬಂದವರು. ಮೈದಾನದಲ್ಲಿ ನಮ್ಮ ಕಾಲಿಗಿಂತ ಬಾಯಿಯೇ ಹೆಚ್ಚು ಓಡುತ್ತಿತ್ತು.

ಈ ತಂಡಕ್ಕೆ ನಾನು ಒಬ್ಬ ಜಪಾನಿಯನ್ನು ಕರೆತಂದೆ. ಅವರು ನಮ್ಮ ಕಟ್ಟಡದಲ್ಲೇ ಬೇರೊಂದು ಕಂಪನಿಯಲ್ಲಿದ್ದರು. ಅದಕ್ಕೂ ಮುಂಚೆ ತಮ್ಮ ದೇಶದಲ್ಲಿ ವರ್ಷಗಟ್ಟಲೆ ಫಾರ್ವರ್ಡ್ ಆಗಿ ಆಡಿದವರು. ಗೋಲು ಹೊಡೆಯುವುದೇ ಅವರ ಹೊಟ್ಟೆಪಾಡಾಗಿತ್ತು. ಮೊದಲ ಸಲ ಅವರು ಚೆಂಡು ಮುಟ್ಟಿದ ರೀತಿ ನೋಡಿ ನಮ್ಮ ಗೋಲ್‌ಕೀಪರ್, "ಅಪ್ಪಾ, ಇವ್ರು ನಮ್ ಕಡೆ ತಾನೇ?" ಎಂದು ಕೇಳಿದ್ದ.

ಅವರ ವೃತ್ತಿಜೀವನ ಮುಗಿದ ಬಗೆಯನ್ನು ಅವರೇ ಒಮ್ಮೆ ಪಾರ್ಕಿಂಗಿನಲ್ಲಿ ಹೇಳಿದರು. ಮಂಡಿಗೆ ಪೆಟ್ಟಾದ ಮೇಲೆ ಕೊನೆಯ ಸೀಸನ್ ಪೂರ್ತಿ ಬೆಂಚಿನ ಮೇಲೇ ಕೂತಿದ್ದರಂತೆ. ಕೊನೆಯ ಪಂದ್ಯದಲ್ಲೂ ಬೂಟು ಕಟ್ಟಿಕೊಂಡು ಕಾದರು, ಕೋಚ್ ಕರೆಯಲೇ ಇಲ್ಲ. ಆಮೇಲೆ ಕ್ಲಬ್ಬಿನವರು ಕೈ ಕುಲುಕಿ ಕಳಿಸಿಬಿಟ್ಟರು. "ಆಟ ನಾನು ಬಿಟ್ಟಿದ್ದಲ್ಲ, ಅವರು ಬಿಡಿಸಿದ್ದು. ಒಂದೇ ಒಂದು ಪಂದ್ಯ ಆಡಿ, ಸಾಕು ಅಂತ ನಾನೇ ಹೊರಗೆ ಬರಬೇಕು," ಎಂದರು. ಅಂದಿನಿಂದ ಆ ಪಂದ್ಯ ನನ್ನ ತಲೆಯಲ್ಲೂ ಕೂತುಬಿಟ್ಟಿತು.

ಆ ಸಲ ಕನ್ನಡ ಸಂಘಗಳ ಯುಗಾದಿ ಪಿಕ್ನಿಕ್ ಡಾಲಸ್ಸಿನಲ್ಲಿತ್ತು. ಅಲ್ಲಿ ನಮಗೂ ಆಸ್ಟಿನ್ನಿನವರಿಗೂ ಪಂದ್ಯ. ಇದೇ ತಮ್ಮ ಆ ಒಂದು ಪಂದ್ಯ ಎಂದು ಜಪಾನಿ ನಿಶ್ಚಯಿಸಿದ್ದರು. ಅವರ ಮಂಡಿಯನ್ನು ನಿಧಾನವಾಗಿ ಪಳಗಿಸಿ ಬಿಸಿ ಮಾಡಬೇಕು, ತಣ್ಣಗಾದರೆ ಮರದ ಕೊರಡು. ಬೆಳಿಗ್ಗೆಯಿಂದ ಒಬ್ಬರೇ ಮೈದಾನದ ಅಂಚಿನಲ್ಲಿ ಓಡಿ, ಬಗ್ಗಿ, ಬೆವರಿ ಸಿದ್ಧರಾದರು. ಅಷ್ಟರಲ್ಲಿ ಮೈಕ್ ಕಿರುಗುಟ್ಟಿತು.

ಅಲ್ಲಿನ ಸಂಘದ ಅಧ್ಯಕ್ಷರು ಧಾರವಾಡದ ಕಡೆಯವರು. "ಇಂಥಾ ದೊಡ್ಡ ಮನಷ್ಯಾ ಬಂದಾರ, ಸನ್ಮಾನ ಮಾಡದ ಹೆಂಗ ಬಿಡೋದ್ರಿ?" ಎಂದರು.

"ಮ್ಯಾಚ್ ಆದ್ಮೇಲೆ ಮಾಡೋಣ ಅಂಕಲ್. ಮಂಡಿ ತಣ್ಣಗಾದ್ರೆ ಅವ್ರು ಆಡೋಕಾಗಲ್ಲ," ಎಂದೆ ನಾನು.

"ಐದ ನಿಮಿಷ ರೀ!"

ನಮ್ಮ ವೇದಿಕೆಗಳ ಐದು ನಿಮಿಷ ಎಂಥದ್ದೆಂದು ಯಾರಿಗೆ ಗೊತ್ತಿಲ್ಲ! ಪ್ರಾರ್ಥನೆ, ಸ್ವಾಗತ, ಪರಿಚಯ. ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ಫೋಟೋ ಸರಿ ಬರಲಿಲ್ಲವೆಂದು ಹಾಕಿದ ಹಾರ ತೆಗೆದು ಮತ್ತೆ ಹಾಕಿದರು. ಪುಣ್ಯಾತ್ಮ, ಪ್ರತಿ ಸಲವೂ ತಲೆ ಬಾಗಿಸುತ್ತಾರೆ! ಎದ್ದು ಬರಲು ಅವರ ಮರ್ಯಾದೆ ಬಿಡದು. ಬುಟ್ಟಿಯ ಕೆಳಗೆ ಕೈ ತೂರಿಸಿ ಮಂಡಿ ಒತ್ತಿಕೊಳ್ಳುತ್ತಿದ್ದರು. ವಂದನಾರ್ಪಣೆಯವರು ಐಸ್ ತಂದವರನ್ನೂ ಬಿಡದೆ ನೆನೆದರು. ದೇವರಾಣೆ, ಮೈಕಿನ ವೈರ್ ಕಿತ್ತೆಸೆಯಬೇಕು ಅನ್ನಿಸಿತು.

ಕೊನೆಗೂ ಜಪಾನಿ ಎದ್ದರು. ಕಾಲು ನೆಟ್ಟಗಾಗಲೇ ಇಲ್ಲ.

ಪಂದ್ಯ ಅವರಿಲ್ಲದೆ ಶುರುವಾಯಿತು. ಅವರು ಅಂಚಿನಲ್ಲಿ ಕುಂಟುತ್ತ ಮತ್ತೆ ಮೊದಲಿನಿಂದ ಮಂಡಿ ಪಳಗಿಸತೊಡಗಿದರು. ನನ್ನ ಕಣ್ಣೆಲ್ಲ ಅತ್ತಲೇ. ಕಾಲಿಗೆ ಬಂದ ಚೆಂಡನ್ನೂ ಬಿಟ್ಟು ಗೋಲ್‌ಕೀಪರನ ಕೈಲಿ ಬೈಸಿಕೊಂಡೆ. ಪಂದ್ಯದ ಕೊನೆಯ ಹಂತದಲ್ಲಿ ಊಟಕ್ಕೆ ಕರೆದರು. ಬಿಸಿಬೇಳೆಬಾತಿನ ಘಮಕ್ಕೆ ಸನ್ಮಾನ ನೋಡಿದ ಜನವೆಲ್ಲ ಎದ್ದು ಸಾಲಿನಲ್ಲಿ ನಿಂತರು. ಆಗ ಅಂಚಿನಲ್ಲಿದ್ದ ಅವರು ನನ್ನತ್ತ ಕೈ ಎತ್ತಿದರು. ನಾನು ಹೊರಗೆ ಬಂದು ನನ್ನ ಜಾಗ ಕೊಟ್ಟೆ.

ಓಟ ಅವರಿಂದ ಆಗುತ್ತಿರಲಿಲ್ಲ. ಆದರೂ ಒಂದು ಚೆಂಡು ಬಂತು. ಬೆನ್ನಿಗೆ ಅಂಟಿಕೊಂಡಿದ್ದ ಆಸ್ಟಿನ್ನಿನವನನ್ನು ಭುಜ ಬಾಗಿಸಿಯೇ ಅತ್ತ ಹೋಗುವಂತೆ ನಂಬಿಸಿ, ಇತ್ತ ತಿರುಗಿ ಹೊಡೆದರು. ಚೆಂಡು ಗೋಲಿನ ಕಂಬಕ್ಕೆ ಬಡಿದು ಹೊರಹೋಯಿತು. "ಛೇ!" ಎಂದು ನಾನು ತಲೆ ಚಚ್ಚಿಕೊಂಡರೆ ಅವರು ನಗುತ್ತಿದ್ದರು. ಆಟ ಇನ್ನೂ ಬಾಕಿಯಿತ್ತು. ಯಾರೂ ಹೇಳಲಿಲ್ಲ, ಯಾರೂ ಕರೆಯಲಿಲ್ಲ. ತಾವೇ ಕೈ ಎತ್ತಿ, ನಡೆದು ಗೆರೆ ದಾಟಿ, ಮೈದಾನದ ಕಡೆ ತಿರುಗಿ ಸೊಂಟ ಬಗ್ಗಿಸಿ ನಮಸ್ಕರಿಸಿದರು. ಬಹಳ ಹೊತ್ತು ಹಾಗೇ ಬಾಗಿದ್ದರು. ನಾನೊಬ್ಬನೇ ಹುಚ್ಚನಂತೆ ಚಪ್ಪಾಳೆ ತಟ್ಟಿದೆ. ಕಣ್ಣು ತುಂಬಿ ಬಂದಿತ್ತು.

ತಟ್ಟೆ ಹಿಡಿದು ಬಂದ ಅಧ್ಯಕ್ಷರು ಕೇಳಿದರು: "ಯಾಕ್ರಿ, ಆಡ್ಲಿಕ್ಕೆ ಆಗ್ಲಿಲ್ಲೇನು ಅವರಿಗೆ?"

"ಆಡಿ ಮುಗಿಸಿದ್ರು ಅಂಕಲ್," ಎಂದು ಹೇಳಿ, ಅವರು ಬಿಟ್ಟು ಬಂದ ಜಾಗಕ್ಕೆ ಓಡಿದೆ.