ಹುಲುಗಪ್ಪ ಮೇಸ್ತ್ರಿಯ ಬೀಗರು

ಹುಲುಗಪ್ಪ ಮೇಸ್ತ್ರಿ ಎಂಜಿನ್ನಿಗೆ ಬಹುವಚನ ಹಚ್ಚಿ ಮಾತಾಡುತ್ತಿದ್ದರು, ಮ್ಯಾನೇಜರಿಗೆ ಬೆನ್ನ ಹಿಂದೆ ಏಕವಚನ. ‘ಬೀಗರು ಎದ್ದಾರ’ ಅಂದರೆ ಗಿರಣಿಯ ಡೀಸೆಲ್ ಜನರೇಟರ್ ಶುರುವಾಗಿದೆ ಎಂದರ್ಥ. ‘ಅವ ಬಂದ’ ಅಂದರೆ ಮ್ಯಾನೇಜರರ ಕಾರು ಗೇಟು ದಾಟಿದೆ ಎಂದರ್ಥ. ಆ ಗಿರಣಿಯಲ್ಲಿ ಇದ್ದಷ್ಟು ವರ್ಷವೂ ಅವರು ಇವೆರಡನ್ನು ಒಮ್ಮೆಯೂ ಅದಲುಬದಲು ಮಾಡಲಿಲ್ಲ.

ಅಕ್ಕಿ ಗಿರಣಿ ಇದ್ದದ್ದು ಕುರುಗೋಡಿನ ಹೊರಗೆ, ಸಿರುಗುಪ್ಪ ಕಡೆಯ ದಾರಿಯಲ್ಲಿ. ಮೇಸ್ತ್ರಿ ಸಿರಿಗೇರಿಯಿಂದ ಮೊಪೆಡ್ಡಿನಲ್ಲಿ ಬರುತ್ತಿದ್ದರು, ನಾನು ಬಳ್ಳಾರಿಯಿಂದ ಬಸ್ಸಿನಲ್ಲಿ. ನನ್ನ ಹುದ್ದೆಯ ಹೆಸರು ಸೇಫ್ಟಿ ಆಫೀಸರ್. ನಮ್ಮ ಮನೆಯಲ್ಲಿ ಎಲ್ಲರೂ ಗುಮಾಸ್ತರು ಇಲ್ಲವೇ ಮೇಷ್ಟ್ರುಗಳು. ಏಕಾದಶಿ ತಪ್ಪಿಸಿದವರಿಲ್ಲ, ಸ್ಕ್ರೂಡ್ರೈವರ್ ಮುಟ್ಟಿದವರೂ ಇಲ್ಲ. ಬಲ್ಬು ಹಾಕಲು ಪಕ್ಕದ ಮನೆಯವರನ್ನು ಕರೆಯುವ ಮನೆತನದಿಂದ ಬಂದ ನನ್ನನ್ನು, ಒಂದು ಡಿಪ್ಲೊಮಾ ಕಾಗದ ನೋಡಿ, ಎತ್ತಿನ ಬಂಡಿಗಿಂತ ಉದ್ದದ ಎಂಜಿನ್ನಿನ ಸುರಕ್ಷತೆಗೆ ನೇಮಿಸಿದ್ದರು. ಕೈಗೊಂದು ತಪಾಸಣಾ ಪಟ್ಟಿ, ತಲೆಗೊಂದು ಹಳದಿ ಹೆಲ್ಮೆಟ್ ಕೊಟ್ಟಿದ್ದರು. ಪಟ್ಟಿಯಲ್ಲಿ ಸರಿ ಗುರುತು ಹಾಕುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ.

ಎಂಜಿನ್ನು ಬೀಗರು ಹೇಗಾಯಿತು ಎಂದು ಮೊದಲ ವಾರವೇ ಕೇಳಿದೆ. ಮೇಸ್ತ್ರಿ ನನ್ನ ಹೆಲ್ಮೆಟ್ಟನ್ನು ಕನಿಕರದಿಂದ ನೋಡಿದರು.

“ಅಲ್ರಿ ಸೇಫ್ಟಿ ಸಾಹೇಬ್ರ, ನಿಮ್ಮ ಮನಿಗೆ ಬೀಗರು ಬಂದ್ರ ಬಾಗಲ್ದಾಗ ನಿಂದ್ರಿಸಿ ಕೆಲಸ ಹಚ್ತೀರೇನು? ಮೊದ್ಲು ನೀರು ಕೊಡ್ತೀರಿ, ಕುಂದ್ರಸ್ತೀರಿ, ಎರಡು ಮಾತು ಮಾತಾಡಸ್ತೀರಿ. ಆಮ್ಯಾಲೆ ನಿಮ್ಮ ಕೆಲಸದ ಸುದ್ದಿ. ಇವರೂ ಹಂಗ. ಮೊದ್ಲು ರೇಡಿಯೇಟರಿಗೆ ನೀರು, ಆಮ್ಯಾಲೆ ಆಯಿಲ್ ಎಷ್ಟೈತಿ ನೋಡೋದು. ಎಬ್ಬಿಸಿದ ಮ್ಯಾಲೂ ಐದು ನಿಮಿಷ ಖಾಲಿ ಓಡ್ಲಿ, ಆಮ್ಯಾಲೆ ಲೋಡು ಕೊಡ್ರಿ. ಕಳಿಸೋ ಮುಂದಾನೂ ಹಂಗ. ಉಂಡ ಕೈ ಆರೋದ್ರೊಳಗ ಹೊರಡ್ರಿ ಅಂದ್ರ ಬೀಗರು ಸಿಟ್ಟಾಗಂಗಿಲ್ಲೇನು? ಲೋಡು ಇಳಿಸಿ ಐದು ನಿಮಿಷ ಬಿಡ್ಬೇಕು, ಮೈ ಆರಬೇಕು, ಆಮ್ಯಾಲೆ ನಿಂದ್ರಿಸ್ಬೇಕು.”

ನನ್ನ ಡಿಪ್ಲೊಮಾದ ಪುಸ್ತಕದಲ್ಲಿ ಇದೇ ವಿಷಯ ಹನ್ನೊಂದು ಪುಟ ಇತ್ತು. ಪರೀಕ್ಷೆಯ ಮರುದಿನ ಅದನ್ನು ಮರೆತಿದ್ದೆ. ಬೀಗರ ಊಟ ಇವತ್ತಿಗೂ ಮರೆತಿಲ್ಲ.

ಎಂಜಿನ್ ಶೆಡ್ಡಿಗೆ ಕಾಲಿಡುವವರು ಹೊಸ್ತಿಲಲ್ಲೇ ಹೆಗಲ ಮೇಲಿನ ವಲ್ಲಿ ತೆಗೆದಿಡಬೇಕಿತ್ತು. ಪಂಚೆ ಉಟ್ಟವರು ಎತ್ತಿ ಬಿಗಿಯಾಗಿ ಕಟ್ಟಬೇಕು, ಉಂಗುರ ಕಳಚಬೇಕು. ತಿರುಗುವ ಫ್ಯಾನಿಗೆ ಬಟ್ಟೆಯ ಚುಂಗು ಸಿಕ್ಕರೆ ಅದು ಬಟ್ಟೆಯಷ್ಟನ್ನೇ ಎಳೆಯುವುದಿಲ್ಲ ಎಂಬುದು ಅವರ ಭಯ. ಸಾಮಾನ್ಯ ಹಮಾಲರಿಂದ ಹಿಡಿದು ಗಿರಣಿಯ ಮಾಲೀಕರವರೆಗೆ ಎಲ್ಲರಿಗೂ ಇದೇ ಕಾನೂನು. ಮಾಲೀಕರ ಜರಿ ಶಲ್ಯ ಎಷ್ಟೋ ಸಲ ಶೆಡ್ಡಿನ ಮೊಳೆಗೆ ಹಮಾಲರ ವಲ್ಲಿಗಳ ಜೊತೆ ನೇತಾಡಿದೆ. ರೇಡಿಯೇಟರಿನ ಮುಚ್ಚಳದ ಬಗ್ಗೆಯಂತೂ ದಿನಕ್ಕೊಮ್ಮೆ ಯಾರಿಗಾದರೂ ಹೇಳುತ್ತಿದ್ದರು: “ಬಿಸಿ ಇದ್ದಾಗ ಬೀಗರ ಟೋಪಿ ತೆಗಿಬ್ಯಾಡ್ರೆಪಾ. ಮರ್ಯಾದಿ ಅವರದು ಹೋಗಂಗಿಲ್ಲ, ಮಾರಿ ನಿಮ್ದು ಹೋಗತೈತಿ.”

ಆಯುಧ ಪೂಜೆಯ ದಿನ ಒಂದು ದೊಡ್ಡ ಜಗಳವೇ ಆಯಿತು. ಮಾಲೀಕರು ಬಳ್ಳಾರಿಯಿಂದ ಆಳುದ್ದದ ಚೆಂಡು ಹೂವಿನ ಹಾರ ತರಿಸಿದ್ದರು. ಓಡುತ್ತಿರುವ ಎಂಜಿನ್ನಿಗೆ ಹಾರ ಹಾಕಿ ಫೋಟೊ ತೆಗೆಸಬೇಕೆಂಬುದು ಅವರ ಆಸೆ. ನಿಂತ ಎಂಜಿನ್ನಿನಲ್ಲಿ ಕಳೆ ಇರುವುದಿಲ್ಲವಂತೆ. ಮೇಸ್ತ್ರಿ ಹಾರವನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡು ಹೋಗಿ ಶೆಡ್ಡಿನ ಬಾಗಿಲಿಗೆ ಕಟ್ಟಿದರು. “ಬೀಗರಿಗೆ ಹೂವು ಆಗಿಬರಂಗಿಲ್ರಿ ಧಣಿ, ಮೂಗಿನಾಗ ಹೋಗಿ ಸೀನು ಬರ್ತೈತಿ” ಅಂದರು. ಗಾಳಿ ಎಳೆದುಕೊಳ್ಳುವ ಬಾಯಿಗೆ ಹೂವು ಸಿಕ್ಕರೆ ಎಂಜಿನ್ನು ಉಸಿರುಗಟ್ಟುತ್ತದೆ ಎಂಬುದನ್ನು ಅವರು ಹೇಳುವ ರೀತಿ ಅದು. ಮಾಲೀಕರು ಕೊನೆಗೆ ಶೆಡ್ಡಿನ ಬಾಗಿಲಿನ ಜೊತೆ ಫೋಟೊ ತೆಗೆಸಿಕೊಂಡರು.

ನಾನು ಮೂರು ಮಧ್ಯಾಹ್ನ ಅವರೆದುರು ಕೂತು ಅವರು ಹೇಳಿದ್ದನ್ನೆಲ್ಲ ಬರೆದುಕೊಂಡೆ. ಆಮೇಲೆ ಬೀಗರನ್ನು ‘ಯಂತ್ರ’ ಮಾಡಿ, ಲೋಡನ್ನು ‘ಭಾರ’ ಮಾಡಿ, ‘ಕಡ್ಡಾಯವಾಗಿ’ ಎಂಬ ಪದವನ್ನು ಕೈಗೆ ಸಿಕ್ಕಲ್ಲೆಲ್ಲ ಉದುರಿಸಿ ಇಪ್ಪತ್ತೆರಡು ನಿಯಮಗಳ ಒಂದು ಫಲಕ ತಯಾರಿಸಿದೆ. ಗಾಜು ಹಾಕಿಸಿ ಶೆಡ್ಡಿನ ಗೋಡೆಗೆ ತೂಗಿಹಾಕಿದರು. ಕೆಳಗೆ ನನ್ನ ಹೆಸರಿತ್ತು. ಹೆಡ್ಡಾಫೀಸಿನಿಂದ ಮೆಚ್ಚುಗೆಯ ಪತ್ರವೂ ಬಂತು. ಮೇಸ್ತ್ರಿ ಫಲಕವನ್ನು ನಿಂತು ಓದಿ, “ಚಂದ ಆಗೈತ್ರಿ. ಯಾರ ಬಗ್ಗೆ ಬರ್ದದ್ದು?” ಎಂದು ಕೇಳಿದರು.

ಆ ವರ್ಷ ಹೊಸ ಮ್ಯಾನೇಜರ್ ಬಂದರು. ಗುಂಟೂರು ಕಡೆಯವರು, ಒಳ್ಳೆಯವರೇ. ಕನ್ನಡವನ್ನು ತೆಲುಗಿನ ಮೇಲೆ ಹೊದಿಸಿ ಮಾತಾಡುತ್ತಿದ್ದರು. ಅವರಿಗೆ ಸುರಕ್ಷತೆ ಅಂದರೆ ಪ್ರಾಣ. ಬಂದ ತಿಂಗಳೇ ಗೋಡೆ ತುಂಬ ಪೋಸ್ಟರ್ ಅಂಟಿಸಿದರು, ಎಲ್ಲರ ಕೈ ಮುಂದೆ ಚಾಚಿಸಿ ಪ್ರತಿಜ್ಞೆ ಮಾಡಿಸಿದರು. ‘ಅಪಘಾತವಿಲ್ಲದ ಗಿರಣಿ’ ಎಂದು ಹೆಡ್ಡಾಫೀಸು ಕೊಡುವ ಢಾಲು ನಮಗೇ ಬರುವಂತೆಯೂ ಮಾಡಿದರು. ಢಾಲು ಕೊಡುವ ಸಮಾರಂಭದ ಹಿಂದಿನ ದಿನ ಮೇಸ್ತ್ರಿ ಅವರ ಕೋಣೆಗೆ ಬಂದರು. ನಾನೂ ಅಲ್ಲೇ ಇದ್ದೆ.

“ಬೀಗರಿಗೆ ಉಬ್ಬಸ ಹತ್ತೈತ್ರಿ ಸಾರ್. ಉಸಿರು ಹೊರಗ ಹೋಗವಲ್ದು, ಮನಿಯೊಳಗ ಸೋರಾಕತ್ತೈತಿ. ಎರಡು ದಿನ ಮಲಗಿಸಬೇಕ್ರಿ.”

ಹೊಗೆ ಕೊಳವೆಯ ಬಾಗು ಸೀಳಿದೆ, ಹೊಗೆ ಶೆಡ್ಡಿನೊಳಗೇ ತುಂಬುತ್ತಿದೆ, ಎಂಜಿನ್ ಓಡಿಸಬಾರದು ಎಂಬುದು ಇದರ ಅರ್ಥ. ಮ್ಯಾನೇಜರಿಗೆ ಕಂಡದ್ದು ಉಬ್ಬಸದಿಂದ ಹಾಸಿಗೆ ಹಿಡಿದ ಒಬ್ಬ ಮುದುಕ.

“ಅಯ್ಯೋ ಪಾಪಂ! ವಯಸ್ಸು ಎಷ್ಟು?”

“ಹದಿನೆಂಟು ಆತ್ರಿ.”

“ಅಷ್ಟು ಚಿನ್ನ, ಅಂದರೆ ಸಣ್ಣ ವಯಸ್ಸಿಗೇನಾ? ಎರಡು ದಿನ ರೆಸ್ಟು ಕೊಡಪ್ಪಾ. ನಾನು ಸ್ಯಾಂಕ್ಷನ್ ಮಾಡ್ತೀನಿ.”

ಮೇಸ್ತ್ರಿ ಕೈ ಮುಗಿದು ಹೋದರು. ಎಂಜಿನ್ನಿಗೆ ಎರಡು ದಿನ ವಿಶ್ರಾಂತಿ ಸಿಕ್ಕಿತೆಂದು ಅವರು ತಿಳಿದರು. ಬೀಗರ ಆರೈಕೆಗೆಂದು ಮೇಸ್ತ್ರಿಗೆ ಎರಡು ದಿನ ರಜೆ ಕೊಟ್ಟೆನೆಂದು ಮ್ಯಾನೇಜರ್ ತಿಳಿದರು. ಎರಡೂ ಭಾಷೆ ಬಲ್ಲವನು, ಎರಡೂ ತಪ್ಪನ್ನು ಕಂಡವನು ಆ ಕೋಣೆಯಲ್ಲಿ ನಾನೊಬ್ಬನೇ. ನಾನೇನು ಮಾಡಿದೆ? ಕ್ಯಾಂಟೀನಿಗೆ ಹೋಗಿ ನಾಲ್ಕು ಜನರಿಗೆ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಮ್ಯಾನೇಜರಿಗೆ ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಅಷ್ಟು ಒಳ್ಳೆಯ ನಗೆಯನ್ನು ಅಂದೇ ಮುಗಿಸಿಬಿಡಲು ಮನಸ್ಸಾಗಲಿಲ್ಲ.

ಮರುದಿನ ಬೆಳಿಗ್ಗೆ ಮೇಸ್ತ್ರಿ ಸೀಳಿದ ಬಾಗನ್ನು ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿ, ವೆಲ್ಡಿಂಗ್ ಮಾಡಿಸಲು ಸಿರುಗುಪ್ಪಕ್ಕೆ ಹೋದರು. ಇತ್ತ ಅಂಗಳದಲ್ಲಿ ಶಾಮಿಯಾನ, ಹೆಡ್ಡಾಫೀಸಿನ ದೊಡ್ಡ ಸಾಹೇಬರು, ಮೈಕು. ಸ್ವಾಗತ ಭಾಷಣ ಶುರುವಾಗುವಾಗ ಕರೆಂಟು ಹೋಯಿತು. ಮ್ಯಾನೇಜರ್ ನನ್ನ ಕಡೆ ನೋಡಿದರು. ಇಪ್ಪತ್ತೆರಡು ನಿಯಮ ಬರೆದವನಿಗೆ ಎಂಜಿನ್ ಶುರು ಮಾಡಲು ಬರುವುದಿಲ್ಲವೇ?

“ಸಾರ್, ಹೊಗೆ ಒಳಗೇ ಬರುತ್ತಂತೆ…” ಎಂದು ಗೊಣಗಿದೆ.

“ಒಳಗೆ ಬಂದರೆ ಒಳ್ಳೇದೇ ಕದಾ! ಸ್ಟೇಜಿಗೆ ಬರಬಾರದು. ಶಟರ್ ಹಾಕ್ಕೊಂಡು ಅಲ್ಲೇ ಕೂಡ್ರಿ” ಅಂದರು.

ನನ್ನ ನಿಯಮಗಳನ್ನು ಒಂದೊಂದಾಗಿ ಓದುತ್ತ ಎಂಜಿನ್ ಶುರು ಮಾಡಿದೆ. ಶಟರ್ ಎಳೆದೆ. ಹೆಲ್ಮೆಟ್ ಹಾಕಿಕೊಂಡು ಕುರ್ಚಿಯಲ್ಲಿ ಕೂತು ಪಟ್ಟಿ ತುಂಬಿಸತೊಡಗಿದೆ. ಕಣ್ಣು ಉರಿಯುತ್ತಿತ್ತು. ‘ಗಾಳಿಯಾಟ’ ಎಂಬುದರ ಮುಂದೆ ‘ಉತ್ತಮ’ ಎಂದು ಬರೆದದ್ದು ನೆನಪಿದೆ. ಆಮೇಲೆ ತಲೆ ಭಾರವಾಯಿತು. ಎದ್ದು ಶಟರ್ ಎತ್ತಬೇಕು ಅಂದುಕೊಂಡೆ. ಎದ್ದೆ ಅಂತಲೂ ಅಂದುಕೊಂಡೆ.

ಮೇಸ್ತ್ರಿ ಸಿರುಗುಪ್ಪದಿಂದ ಬರುವಾಗ ರಸ್ತೆಯಲ್ಲೇ ಎಂಜಿನ್ನಿನ ಸದ್ದು ಕೇಳಿದರಂತೆ. ಮೊಪೆಡ್ಡನ್ನು ಅಲ್ಲೇ ಕೆಡವಿ ಓಡಿದರಂತೆ. ಶಟರ್ ಎತ್ತಿ, ನನ್ನ ಎರಡೂ ರಟ್ಟೆ ಹಿಡಿದು ಹೊರಗೆಳೆದು ನೆಲದ ಮೇಲೆ ಮಲಗಿಸಿದರು. ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಗೋಣಿಚೀಲ ಹೊಲಿಯುತ್ತಿದ್ದ ಇಬ್ಬರು ಹೆಣ್ಣುಮಕ್ಕಳು ಕೆಮ್ಮುವುದು ಕೇಳಿಸಿತು. ಗೋಡೆಯ ಕಿಂಡಿಯಿಂದ ಹೊಗೆ ಅಲ್ಲಿಗೂ ಹೋಗಿತ್ತು. ಮೇಸ್ತ್ರಿ ಉಸಿರು ಕಟ್ಟಿ ಮತ್ತೆ ಒಳಗೆ ನುಗ್ಗಿದರು. ಲೋಡು ಇಳಿಸಲಿಲ್ಲ, ಐದು ನಿಮಿಷ ಬಿಡಲಿಲ್ಲ, ಕೆಂಪು ಗುಂಡಿಗೆ ಅಂಗೈ ಒತ್ತಿ ಎಂಜಿನ್ನನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದರು. ಅಂಗಳದಲ್ಲಿ ದೊಡ್ಡ ಸಾಹೇಬರು ‘ಈ ಗಿರಣಿಯಲ್ಲಿ ಒಂದೇ ಒಂದು ಅಪಘಾತವೂ’ ಎಂಬಲ್ಲಿಗೆ ಬಂದಿದ್ದರು. ಮೈಕು ಸತ್ತಿತು.

ನನಗೆ ಎಚ್ಚರವಾದಾಗ ಆ ಇಬ್ಬರು ಹೆಣ್ಣುಮಕ್ಕಳೂ ಹೊರಗೆ ಬಂದು ಕೂತಿದ್ದರು, ಮೇಸ್ತ್ರಿ ನನ್ನ ಮುಖಕ್ಕೆ ಗಾಳಿ ಹಾಕುತ್ತಿದ್ದರು. ಅವರ ಕಣ್ಣಲ್ಲಿ ನೀರಿತ್ತು. ಹೊಗೆಗೋ ಏನೋ, ಕೇಳಲಿಲ್ಲ.

ವಾರದೊಳಗೆ ಅವರಿಗೆ ಆಪಾದನಾ ಪತ್ರ ಬಂತು. ರಜೆಯಲ್ಲಿದ್ದಾಗ ಶೆಡ್ಡಿಗೆ ನುಗ್ಗಿದ್ದು ಒಂದು. ಗಣ್ಯರ ಭಾಷಣದ ನಡುವೆ ವಿದ್ಯುತ್ ಕಡಿದದ್ದು ಇನ್ನೊಂದು. ಎಲ್ಲಕ್ಕಿಂತ ದೊಡ್ಡದು ಹದಿನೇಳನೆಯ ನಿಯಮದ ಉಲ್ಲಂಘನೆ: ‘ಭಾರ ಇಳಿಸದೆ, ಐದು ನಿಮಿಷ ಖಾಲಿ ಓಡಿಸದೆ, ಯಂತ್ರವನ್ನು ಕಡ್ಡಾಯವಾಗಿ ನಿಲ್ಲಿಸಬಾರದು.’ ಬಿಸಿಯಲ್ಲೇ ನಿಲ್ಲಿಸಿದ್ದರಿಂದ ಎಂಜಿನ್ನಿಗೆ ಗಾಳಿ ಊದುವ ಟರ್ಬೊ ಕೆಟ್ಟಿತ್ತು. ಹದಿನೇಳನೆಯದನ್ನು ಬರೆಸುವಾಗ ಮೇಸ್ತ್ರಿ “ಜೀವಕ್ಕ ಬಂದಾಗ ಇದ್ಯಾವುದೂ ಇಲ್ರಿ, ಅದನ್ನೂ ಬರ್ಕೋರಿ” ಅಂದಿದ್ದರು. ಫಲಕದಲ್ಲಿ ಜಾಗ ಸಾಲದೆಂದು ಆ ಸಾಲನ್ನು ಬಿಟ್ಟವನು ನಾನು.

ವಿಚಾರಣೆಯಲ್ಲಿ ನನ್ನ ಹೇಳಿಕೆ ಕೇಳಿದರು. ಪ್ರಜ್ಞೆ ತಪ್ಪಿತ್ತು ಎಂದು ಬರೆದರೆ, ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದ ಸೇಫ್ಟಿ ಆಫೀಸರ್ ಯಾರು ಎಂಬ ಪ್ರಶ್ನೆ ಬರುತ್ತಿತ್ತು. ಆ ‘ಉತ್ತಮ’ ನನ್ನ ಕೈಬರಹದಲ್ಲೇ ಇತ್ತು. ‘ನನಗೆ ಸ್ವಲ್ಪ ತಲೆನೋವಿತ್ತು’ ಎಂದು ಬರೆದುಕೊಟ್ಟೆ. ಸ್ವಲ್ಪ ತಲೆನೋವಿಗೆ ಟರ್ಬೊ ಕೆಡಿಸಿದ ಮೇಸ್ತ್ರಿಯನ್ನು ಕೆಲಸದಿಂದ ತೆಗೆದರು. ಢಾಲು ನಮ್ಮಲ್ಲೇ ಉಳಿಯಿತು.

ಮೂರು ವಾರ ನನಗೆ ಅನ್ನ ಸೇರಲಿಲ್ಲ. ಆಮೇಲೆ ನಡೆದದ್ದನ್ನು ನಡೆದಂತೆ ಇನ್ನೊಂದು ಹೇಳಿಕೆಯಲ್ಲಿ ಬರೆದು ಕಳಿಸಿದೆ. ಹೆಡ್ಡಾಫೀಸು ಬಹಳ ಯೋಚಿಸಿ ಉತ್ತರ ಬರೆಯಿತು: ಹುಲುಗಪ್ಪನನ್ನು ಮತ್ತೆ ತೆಗೆದುಕೊಳ್ಳಬಹುದು, ಆದರೆ ನಿಯಮ ಮುರಿದದ್ದಕ್ಕೆ ಅವನು ಕ್ಷಮಾಪಣೆ ಬರೆದುಕೊಡಬೇಕು. ಟೈಪು ಮಾಡಿದ ಕ್ಷಮಾಪಣೆಯನ್ನು ಅವರೇ ಜೊತೆಗಿಟ್ಟಿದ್ದರು, ಹೆಸರು ತುಂಬಿ ಸಹಿ ಹಾಕಿದರೆ ಸಾಕು. ಅದನ್ನು ಹಿಡಿದುಕೊಂಡು ಸಿರಿಗೇರಿಗೆ ಹೋದೆ.

ಮೇಸ್ತ್ರಿ ಮನೆಯಲ್ಲಿರಲಿಲ್ಲ. ಬೋರ್‌ವೆಲ್ ಲಾರಿಯ ಎಂಜಿನ್ ನೋಡಿಕೊಳ್ಳಲು ಸೇರಿ ರಾಯಚೂರಿನ ಕಡೆ ಹೋಗಿದ್ದರು. ಅವರ ಹೆಂಡತಿ ಈರಮ್ಮ ನನ್ನನ್ನು ಕೂರಿಸಿ ನೀರು ಕೊಟ್ಟರು. “ನೀವ ಏನ್ರಿ ಸೇಫ್ಟಿ ಸಾಹೇಬ್ರು? ನಿಮಗ ತಲಿನೋವು ಬಂದಿತ್ತಂತ, ಅದಕ್ಕ ಎಂಜಿನ್ ನಿಂದ್ರಿಸಿದೆ ಅಂತ ಹೇಳ್ಯಾರ. ನಾ ಬೈದೆ ನೋಡ್ರಿ, ಅಷ್ಟಕ್ಕ ಯಾರರ ಕೆಲಸ ಕಳ್ಕೋತಾರೇನು ಅಂತ.”

ನಾನು ಬರೆದುಕೊಟ್ಟದ್ದನ್ನೇ ಅವರು ಮನೆಯಲ್ಲೂ ಹೇಳಿದ್ದರು. ಈರಮ್ಮ ಫೋನು ಹಚ್ಚಿ ಕೈಗೆ ಕೊಟ್ಟರು. ಆ ಕಡೆ ನೆಲ ಕೊರೆಯುವ ಸದ್ದು. ಮೇಸ್ತ್ರಿ ಮೊದಲು ಕೇಳಿದ್ದು ಟರ್ಬೊ ಸರಿ ಮಾಡಿಸಿದರೋ ಇಲ್ಲವೋ ಎಂದು. ಆಮೇಲೆ ನಾನು ಹೇಗಿದ್ದೇನೆ ಎಂದು. ನಾನು ಕ್ಷಮಾಪಣೆಯ ವಿಷಯ ಕಿರುಚಿ ಹೇಳಿದೆ.

“ಬ್ಯಾಡ್ರಿ ಸಾಹೇಬ್ರ” ಅಂದರು. “ಇಲ್ಲಿ ಎಂಜಿನ್ನು ಬಯಲಾಗ ಐತಿ. ಶಟರಿಲ್ಲ. ಆರಾಮ ಅದೀನಿ.”

“ಮೇಸ್ತ್ರಿ, ಅದು ತಲೆನೋವಾಗಿರಲಿಲ್ಲ” ಅಂದೆ.

“ಗೊತ್ತೈತ್ರಿ. ಎಳ್ಕೊಂಡು ಬಂದಾವ ನಾ ಅಲ್ಲೇನು? ನೀವು ಅಂಜಿದ್ರಿ, ಅಷ್ಟ. ಇಡ್ತೀನ್ರಿ, ಇಲ್ಲಿ ಕರಿಯಾಕತ್ತಾರ.”

ಅದೇ ಕೊನೆಯ ಮಾತು. ಆಮೇಲೆ ಅವರನ್ನು ನೋಡಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ಆ ಕಾಗದ ತೆಗೆದು ಓದಿದೆ. ‘ನನ್ನ ನಿರ್ಲಕ್ಷ್ಯದಿಂದ ಆದ ಅನಾಹುತಕ್ಕೆ ನಾನು ಮನಃಪೂರ್ವಕ ಕ್ಷಮೆ ಕೋರುತ್ತೇನೆ’ ಎಂದಿತ್ತು. ಕುರುಗೋಡು ಬರುವಷ್ಟರಲ್ಲಿ ಹೆಸರು ತುಂಬಿ ಸಹಿ ಹಾಕಿ, ಇಳಿದು ಗಿರಣಿಗೆ ಹೋಗಿ ಮ್ಯಾನೇಜರರ ಮೇಜಿನ ಮೇಲಿಟ್ಟೆ.

ಅವರು ಓದಿ ಕನ್ನಡಕ ಸರಿಮಾಡಿಕೊಂಡರು. “ಇದೇನ್ರಿ, ಪೇರು ತಪ್ಪಿದೆ ಕದಾ? ನಿಮ್ಮ ಹೆಸರು ಬರ್ದಿದೀರಾ.”

“ಇಲ್ಲ ಸಾರ್, ಸರಿಯಾಗೇ ಇದೆ” ಅಂದೆ.