ಹತ್ತದ ಕೆಂಪು ದೀಪ

ಮಾದಪ್ಪನ ಕಣ್ಣಿಗೆ ಯಾವ ದೋಷವೂ ಇರಲಿಲ್ಲ. ಅವತ್ತು ಅವನ ಎದುರಿನ ಕೆಂಪು ದೀಪ ಹತ್ತಲೇ ಇಲ್ಲ — ಹತ್ತದಂತೆ ಮಾಡಿದ್ದವನು ನಾನು. ಆಮೇಲೆ, ಬ್ರೇಕ್ ಇನ್ಸ್‌ಪೆಕ್ಟರ್ ಬರುವ ಮೊದಲು, ಅದು ಹತ್ತುವಂತೆ ಮಾಡಿದವನೂ ನಾನೇ. ಎರಡರಲ್ಲಿ ಯಾವುದು ದೊಡ್ಡ ತಪ್ಪು ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಎರಡನೆಯದೇ. ಮೊದಲನೆಯದು ಸೋಮಾರಿತನ. ಎರಡನೆಯದು — ಅದಕ್ಕೆ ಹೆಸರಿಡಲು ಇವತ್ತಿಗೂ ನನಗೆ ಬಾಯಿ ಬರುವುದಿಲ್ಲ.

ಐವತ್ತರ ದಶಕದ ಮಾತು. ಹುಣಸೂರಿನ ಒಂದು ಬಸ್ ಶೆಡ್ಡಿನಲ್ಲಿ ನಾನು ವೈರಿಂಗ್ ಕೆಲಸಕ್ಕಿದ್ದೆ. ನಮ್ಮ ಸಾಹುಕಾರರು ಮೈಸೂರಿನ ಶಾಲೆಯೊಂದರ ಹಳೆಯ ಬಸ್ಸನ್ನು ತಂದು, ಮಕ್ಕಳ ಗಿಡ್ಡ ಬೆಂಚುಗಳನ್ನು ಕೀಳಿಸಿ, ದೊಡ್ಡವರ ಸೀಟು ಹಾಕಿಸಿ, ಪಿರಿಯಾಪಟ್ಟಣದ ದಾರಿಗೆ ಬಿಟ್ಟರು. ಅದರ ಡ್ರೈವರ್ ಮಾದಪ್ಪ, ನನ್ನ ಗೆಳೆಯ. ನನ್ನ ಹೆಂಡತಿಗೆ ಹೆರಿಗೆ ಕಷ್ಟವಾದಾಗ, ಊಟದ ತಟ್ಟೆ ಬಿಟ್ಟೆದ್ದು ಬಂದು ಆಸ್ಪತ್ರೆಗೆ ಮುಟ್ಟಿಸಿದವನು.

ಆ ಬಸ್ಸಿಗೆ ಜನ ಹತ್ತಿ ಇಳಿಯುವ ಮುಂದಿನ ಬಾಗಿಲಲ್ಲದೆ, ಅಪರೂಪಕ್ಕೆ ತೆಗೆಯುವ ಇನ್ನೊಂದು ಬಾಗಿಲು ಹಿಂದುಗಡೆ ಇತ್ತು. ಅದು ಸರಿಯಾಗಿ ಹಾಕಿಕೊಳ್ಳದಿದ್ದರೆ ಡ್ರೈವರನ ಎದುರು ಪುಟ್ಟದೊಂದು ಕೆಂಪು ದೀಪ ಹತ್ತುತ್ತಿತ್ತು. ಮಕ್ಕಳು ಬೀಳದಿರಲೆಂದು ಶಾಲೆಯವರು ಮಾಡಿಸಿದ್ದ ಏರ್ಪಾಡು. ಮಾದಪ್ಪನಿಗೆ ಅದರ ಮೇಲೆ ಬಹಳ ನಂಬಿಕೆ. ದೀಪ ಒಮ್ಮೆ ಮಿನುಗಿದರೂ ಸಾಕು, ಬಸ್ಸು ನಿಲ್ಲಿಸಿ, ಇಳಿದು ಹೋಗಿ, ಬಾಗಿಲನ್ನು ತಾನೇ ಒತ್ತಿ ನೋಡಿ ಬರುತ್ತಿದ್ದ.

ಹಿಂದಿನ ಸೀಟುಗಳವರಿಗೆ ಸಂಜೆ ಹೊತ್ತು ಬೆಳಕಿಲ್ಲ, ಅಲ್ಲೊಂದು ಬಲ್ಬು ಹಾಕು ಎಂದು ಸಾಹುಕಾರರು ಹೇಳಿದರು. ಶೆಡ್ಡಿನಲ್ಲಿ ವೈರು ಮುಗಿದಿತ್ತು. ಆದರೆ ಮುಂದಿನಿಂದ ಹಿಂದಿನವರೆಗೆ ಚಾವಣಿಯೊಳಗೆ ಒಂದು ವೈರು ಆಗಲೇ ಓಡಿತ್ತಲ್ಲ — ಕೆಂಪು ದೀಪದ್ದು. ಅದರ ಎರಡೂ ತುದಿ ಬಿಚ್ಚಿ, ಮುಂದಿನದನ್ನು ಸ್ವಿಚ್ಚಿಗೂ ಹಿಂದಿನದನ್ನು ಹೊಸ ಬಲ್ಬಿಗೂ ಕೊಟ್ಟೆ. ಅರ್ಧ ಗಂಟೆಯ ಕೆಲಸ. ಕೆಂಪು ದೀಪವನ್ನು ಮಾತ್ರ ಕೀಳಲಿಲ್ಲ. ಕಿತ್ತಿದ್ದರೆ ಮಾದಪ್ಪ ಕೇಳುತ್ತಿದ್ದ. ಮೈಸೂರಿನಿಂದ ವೈರು ಬಂದ ಮೇಲೆ ಸರಿ ಮಾಡಿದರಾಯಿತು ಎಂದುಕೊಂಡೆ.

ಎರಡು ದಿನವಾದ ಮೇಲೆ ಅವನೇ ಕೇಳಿದ: "ಏನ್ಲಾ ಪುಟ್ಟಸ್ವಾಮಿ, ಕೆಂಪು ದೀಪ ಮಿನುಗೋದೇ ನಿಂತೋಯ್ತಲ್ಲ?"

"ಲೂಸಾಗಿತ್ತು ಕಣ್ಲಾ. ಬಿಗಿ ಮಾಡಿವ್ನಿ."

"ಅಂಗಾದ್ರೆ ಅದು ಹತ್ನಿಲ್ಲ ಅಂದ್ರೆ ಬಾಗ್ಲು ಭದ್ರ ಅಂತ ತಾನೆ?"

"ಊಂ, ಬುಡು."

ವೈರು ಬಂತು. ಬೇರೆ ಬಸ್ಸಿನ ಕೆಲಸಕ್ಕೆ ಹೋಯಿತು. ನಾನು ಮರೆತೆ ಎಂದು ಬರೆಯಬಹುದು, ಆದರೆ ಮರೆತಿರಲಿಲ್ಲ. ಆ ಬಸ್ಸು ಶೆಡ್ಡಿಗೆ ಬಂದಾಗಲೆಲ್ಲ ನೆನಪಾಗುತ್ತಿತ್ತು. ನಾಳೆ ಎಂದುಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ, ಕಂಪಲಾಪುರ ಇನ್ನೊಂದು ಮೈಲಿಯಿದೆ ಎನ್ನುವಾಗ, ತಿರುವಿನಲ್ಲಿ ಹಿಂದಿನ ಬಾಗಿಲು ತೆರೆದುಕೊಂಡಿತು. ಅಗಳಿ ಪೂರ್ತಿ ಕೂತಿರಲಿಲ್ಲ. ಕಂಡಕ್ಟರ್ ಮುಂದೆ ಟಿಕೆಟ್ ಕೊಡುತ್ತಿದ್ದ. ಬಾಗಿಲ ಪಕ್ಕ ಕೂತಿದ್ದ ದೇವೀರಮ್ಮ ಎಂಬ ಹೆಂಗಸು ಹೊರಗೆ ಬಿದ್ದಳು. ಹುಣಸೂರಿನ ಆಸ್ಪತ್ರೆಯಲ್ಲಿದ್ದ ತಾಯಿಗೆ ಊಟ ಕೊಟ್ಟು ತನ್ನೂರು ಕಂಪಲಾಪುರಕ್ಕೆ ಹಿಂತಿರುಗುತ್ತಿದ್ದವಳು. ರಸ್ತೆಯಲ್ಲೇ ಜೀವ ಹೋಯಿತು. ಮನೆಯಲ್ಲಿ ಇಬ್ಬರು ಮಕ್ಕಳು.

ಬಸ್ಸನ್ನು ಶೆಡ್ಡಿಗೆ ತಂದು ನಿಲ್ಲಿಸಿದರು. ಮಾದಪ್ಪ ಪೊಲೀಸರಿಗೆ ಒಂದೇ ಮಾತು ಹೇಳುತ್ತಿದ್ದ — "ಕೆಂಪು ದೀಪ ಹತ್ನಿಲ್ಲ ಸ್ವಾಮಿ. ಹತ್ತಿದ್ರೆ ನಾನು ನಿಲ್ಸ್ತಿದ್ದೆ." ಮರುದಿನ ಬ್ರೇಕ್ ಇನ್ಸ್‌ಪೆಕ್ಟರ್ ಬಂದು ಅದನ್ನೇ ಪರೀಕ್ಷೆ ಮಾಡುತ್ತಾರೆಂದು ಗೊತ್ತಾಯಿತು. ಬೆಳಗಾಗುತ್ತಲೇ, ಯಾರೂ ಬರುವ ಮುಂಚೆ, ನಾನು ಶೆಡ್ಡಿಗೆ ಹೋದೆ. ಯಾರೂ ಹೇಳಿ ಕಳಿಸಿರಲಿಲ್ಲ. ವೈರನ್ನು ಮೊದಲಿದ್ದಂತೆ ಕೆಂಪು ದೀಪಕ್ಕೆ ಕೊಟ್ಟೆ. ಹಿಂದಿನ ಬಲ್ಬು ಇದ್ದಲ್ಲೇ ಇತ್ತು. ಹಗಲಲ್ಲಿ ಅದನ್ನು ಯಾರು ಹಾಕಿ ನೋಡುತ್ತಾರೆ?

ಇನ್ಸ್‌ಪೆಕ್ಟರ್ ಬಾಗಿಲು ತೆಗೆಸಿದರು. ದೀಪ ಕೆಂಪಗೆ ಹತ್ತಿತು. ಹಾಕಿಸಿದರು, ಆರಿತು. ಮೂರು ಸಲ. ಪೊಲೀಸರ ಪಕ್ಕ ನಿಂತಿದ್ದ ಮಾದಪ್ಪ ದೀಪವನ್ನು ನೋಡಿದ ರೀತಿ — ಅವನು ಯಾರ ಮೇಲೂ ಸಂಶಯಪಡಲಿಲ್ಲ. ತನ್ನ ಮೇಲೆಯೇ ಪಟ್ಟ. ಹೊರಡುವಾಗ ನನ್ನ ತೋಳು ಹಿಡಿದುಕೊಂಡ.

"ನಿಜ ಹೇಳ್ಲಾ. ಅವತ್ತೂ ಅದು ಹತ್ತಿತ್ತಾ?"

"ಹತ್ತಿರ್ಬೇಕು ಕಣ್ ಮಾದಪ್ಪ. ನೀನೇ ನೋಡಿಲ್ಲ."

ಇದೇ ನಾನಾಡಿದ ಮಾತು. ಕೋರ್ಟಿನಲ್ಲಿ ಅವನು ವಾದಿಸಲೇ ಇಲ್ಲ. ನಾನು ನೋಡ್ಲಿಲ್ಲ ಸ್ವಾಮಿ ಎಂದು ಒಪ್ಪಿಕೊಂಡ. ಕೆಲವು ತಿಂಗಳು ಜೈಲಾಯಿತು, ಲೈಸೆನ್ಸ್ ಹೋಯಿತು. ಬಂದ ಮೇಲೆ ಗುರುಪುರದ ಕಡೆ ಹೊಗೆಸೊಪ್ಪಿನ ಹೊಲಗಳಲ್ಲಿ ಕೂಲಿ ಮಾಡಿದ. ಬಸ್ಸಿರಲಿ, ಎತ್ತಿನ ಗಾಡಿಯ ಹಗ್ಗವನ್ನೂ ಮತ್ತೆ ಕೈಯಲ್ಲಿ ಹಿಡಿಯಲಿಲ್ಲ. ನನ್ನನ್ನು ಕಂಡಾಗಲೆಲ್ಲ ನಗುತ್ತಿದ್ದ, ಹೆಂಡತಿ ಮಕ್ಕಳನ್ನು ವಿಚಾರಿಸುತ್ತಿದ್ದ. ನಾನೂ ನಗುತ್ತಿದ್ದೆ.

ಹೀಗೇ ಇಬ್ಬರೂ ಮುದುಕರಾದೆವು. ಹೋದ ತಿಂಗಳು ಅವನ ಮಗಳು ಗೌರಮ್ಮ ನಮ್ಮ ಮನೆಗೆ ಬಂದಳು. ಅಪ್ಪನಿಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್‌ಗೆ ಒಪ್ಪುತ್ತಿಲ್ಲ ಎಂದಳು. "ನೀವು ಒಂದ್ ಮಾತ್ ಹೇಳಿ ಮಾವ. ಅಪ್ಪ, 'ಚೆನ್ನಾಗಿದ್ದಾಗ್ಲೇ ಒಂದ್ ಜೀವ ತಗಂಡ ಕಣ್ಣು ಕಣವ್ವ ಇವು, ಹೋದ್ರೆ ಹೋಗ್ಲಿ' ಅಂತರೆ."

ಅವಳ ಜೊತೆಗೇ ಹೊರಟೆ. ಮಾದಪ್ಪ ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ — ವೈರು, ಬಲ್ಬು, ಆ ಬೆಳಗಿನ ಜಾವ. ಗೌರಮ್ಮ ಬಾಗಿಲ ಚೌಕಟ್ಟು ಹಿಡಿದು ಕೇಳುತ್ತಿದ್ದಳು. ಮಾದಪ್ಪ ನನಗಲ್ಲ, ತನಗೇ ಎಂಬಂತೆ, "ಅಂಗಾದ್ರೆ ನಾನು ಸರಿಯಾಗೇ ನೋಡಿದ್ದೆ," ಎಂದ. ಇನ್ನೊಂದು ಸಲ ಅದನ್ನೇ ಅಂದ. ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ಕಂಪಲಾಪುರಕ್ಕೋಗಿ ಅವಳ ಮಕ್ಕಳ್ಗೆ ಹೇಳು," ಎಂದ. "ಈ ಮನೆಗೆ ಮಾತ್ರ ಇನ್ ಬರ್ಬೇಡ."

ಹೋದೆ. ದೇವೀರಮ್ಮನ ಹಿರಿಯ ಮಗ ಅಂಗಳದಲ್ಲಿ ಹೊಗೆಸೊಪ್ಪು ಕಟ್ಟುತ್ತಿದ್ದ. ತಲೆ ಅರ್ಧ ನರೆತಿತ್ತು. ನಾನು ಯಾರೆಂದು ಹೇಳಿ, ಮಾಡಿದ್ದನ್ನು ಹೇಳಿದೆ. ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟ. ಒಂದೇ ಪ್ರಶ್ನೆ ಕೇಳಿದ.

"ಆ ಡ್ರೈವರಪ್ಪ ಇನ್ನೂ ಬದುಕವ್ರಾ?"

"ಅವ್ನೆ. ಗುರುಪುರದಲ್ಲಿ."

ಅವನು ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದ. "ಜೈಲಿಂದ ಬಂದ ಮ್ಯಾಲೆ ಅವ್ರು ನಮ್ಮಪ್ಪನ ಕಾಲಿಗೆ ಬೀಳಕ್ಕೆ ಇಲ್ಲಿಗ್ ಬಂದಿದ್ರು," ಎಂದ. "ನಾನು ಕಲ್ಲಲ್ಲಿ ಹೊಡ್ದೆ. ಹಣೆ ಒಡ್ದು ರಕ್ತ ಬಂತು. ಅವ್ರು ಒರಸ್ಕೊಳ್ಳದೇ ಹೋದ್ರು."

ಮಾದಪ್ಪನ ಹಣೆಯ ಗಾಯದ ಗುರುತನ್ನು ನಾನು ಎಷ್ಟೋ ವರ್ಷ ನೋಡಿದ್ದೆ. ಯಾವತ್ತೂ ಕೇಳಿರಲಿಲ್ಲ.

ರಸ್ತೆಯವರೆಗೆ ಅವನ ಹಿಂದೆಯೇ ನಡೆದೆ. ಗುರುಪುರಕ್ಕೆ ಹೋಗಲು ಹಿಡಿಯಬೇಕಾದ ಹುಣಸೂರಿನ ಬಸ್ಸು ಬಂತು. ಹತ್ತುವ ಮುನ್ನ ಅವನು ತಿರುಗಿ, "ಈ ಬಸ್ಸಿಗೆ ನೀವ್ ಬರ್ಬೇಡಿ," ಎಂದ.

ಸರಿ ಎಂದು ತಲೆಯಾಡಿಸಿ ನಿಂತುಕೊಂಡೆ. ಬಸ್ಸು ಹೋಯಿತು.